ಗಾರ್ಡನ್ ಲೈಟಿನ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮುಕ್ಕಾಲು ಗಂಟೆಗೆ ಕೈಕೊಡುತ್ತಿದೆ. ದಯವಿಟ್ಟು ದಾರಿ ತೋರಿಸಿ

ತುಂಗಾತೀರ
ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಹತ್ತಿರ ತೋಟದ ಮನೆ. ಗೇಟಿನಿಂದ ಅಂಗಳಕ್ಕೆ ಬರುವ ದಾರಿಗೂ ಅಂಗಳದ ಸುತ್ತಲೂ 12 ವೋಲ್ಟಿನ ಲೈಟು ಹಾಕಿಸಿ ಆರು ವರ್ಷವಾಯಿತು. ದಾರಿಯ ಲೈನಿನಲ್ಲಿ 9 ದೀಪ, ಉದ್ದ ಸುಮಾರು 55 ಮೀಟರ್. ಅಂಗಳದ ಲೈನಿನಲ್ಲಿ 5 ದೀಪ, 20 ಮೀಟರ್. ಎರಡಕ್ಕೂ 2.5 ಸ್ಕ್ವೇರ್ ಎಂ.ಎಂ. ತಾಮ್ರದ ವೈರು. ಮೊದಲು 20 ವ್ಯಾಟಿನ ಹ್ಯಾಲೋಜನ್ ಇತ್ತು, ಎರಡು ವರ್ಷದ ಹಿಂದೆ ಎಲ್ಲವನ್ನೂ 7 ವ್ಯಾಟ್ ಎಲ್‌ಇಡಿ ಮಾಡಿಸಿದೆವು.

ಕಳೆದ ಆಷಾಢದಲ್ಲಿ ಟ್ರಾನ್ಸ್‌ಫಾರ್ಮರ್ ಪೂರ್ತಿ ಸತ್ತುಹೋಯಿತು. ಅಷ್ಟೇ ತೂಕದ ಇನ್ನೊಂದನ್ನು, 300 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು, ತಂದು ಕೂರಿಸಿದರು. ಈಗ ಅದೂ ಹಾಗೇ ಮಾಡುತ್ತಿದೆ. ಸಂಜೆ ಆರೂವರೆಗೆ ಹಾಕಿದರೆ ಏಳೂಕಾಲರ ಹೊತ್ತಿಗೆ ಹದಿನಾಲ್ಕೂ ದೀಪ ಒಟ್ಟಿಗೇ ಆರುತ್ತವೆ. ಅರ್ಧ ಗಂಟೆ ಕಳೆದರೆ ತಾವಾಗಿಯೇ ಬರುತ್ತವೆ. ಮತ್ತೆ ಆರುತ್ತವೆ. ಜೊತೆಗೆ ಗೇಟಿನ ಹತ್ತಿರದ ಕೊನೆಯ ಮೂರು ದೀಪ ಮಂಕು. ಹ್ಯಾಲೋಜನ್ ಇದ್ದಾಗಲೂ ಆ ಮೂರು ಕೆಂಪಗೆ ಉರಿಯುತ್ತಿದ್ದವು.

ಅಂಗಡಿಯವರು 500 ವಿಎ ಹಾಕಿ ಅನ್ನುತ್ತಾರೆ. ದುಡ್ಡು ಕೊಡುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು. ಅತ್ತೆಗೆ ಕಣ್ಣು ಮಂಜು. ರಾತ್ರಿ ಕೊಟ್ಟಿಗೆಗೆ ಹೋಗಿ ಬರುವಾಗ ಅಂಗಳ ಕತ್ತಲಾಗಿಬಿಟ್ಟರೆ ನಮಗೆ ಹೆದರಿಕೆ.

ಶಿವಮೊಗ್ಗ ವೈರ್‌ಮನ್
ಶನಿವಾರ, ರಾತ್ರಿ 9:42

ಅಕ್ಕಾ, 500 ಬೇಡ, ಸ್ವಲ್ಪ ತಡೆಯಿರಿ. 14 ದೀಪಕ್ಕೆ 7 ವ್ಯಾಟ್ ಅಂದರೆ 98 ವ್ಯಾಟ್. ಎಲ್‌ಇಡಿಯ ಪವರ್ ಫ್ಯಾಕ್ಟರ್ (ಎಳೆದ ವಿಎಯಲ್ಲಿ ವ್ಯಾಟಾಗಿ ಬಳಕೆಯಾಗುವ ಪಾಲು) ಕಳಪೆ ಅಂತ ಹಿಡಿದರೂ 130 ವಿಎ ದಾಟಬಾರದು. 300ಕ್ಕೆ ಅದು ಅರ್ಧ ಲೋಡೂ ಅಲ್ಲ.

ತಾನಾಗಿ ಆರಿ ತಾನಾಗಿ ಬರುತ್ತಿದೆ ಅಂದರೆ ಒಳಗಿನ ಥರ್ಮಲ್ ಕಟೌಟ್ ಕೆಲಸ ಮಾಡುತ್ತಿದೆ. ಸುರುಳಿ ಕಾದಾಗ ಬಿಡುತ್ತದೆ, ತಣಿದಾಗ ಕೂಡುತ್ತದೆ. ಎಂಸಿಬಿ (ಕರೆಂಟ್ ಹೆಚ್ಚಾದರೆ ಬೀಳುವ ಬೋರ್ಡಿನ ಸ್ವಿಚ್) ಟ್ರಿಪ್ ಆಗಿದ್ದರೆ ನೀವೇ ಹೋಗಿ ಎತ್ತಬೇಕಿತ್ತು. ಹಾಗಾಗಿ ಈಗಿರುವ ಪ್ರಶ್ನೆ ಒಂದೇ: ಅಷ್ಟು ಶಾಖ ಎಲ್ಲಿಂದ ಬರುತ್ತಿದೆ?

ಒಬ್ಬ ವೈರ್‌ಮನ್ ಕರೆಸಿ ಇಷ್ಟು ಅಳತೆ ಮಾಡಿಸಿ. ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ ವೋಲ್ಟೇಜ್, ಲೋಡ್ ಬಿಚ್ಚಿದಾಗ ಎಷ್ಟು, ಇದ್ದಾಗ ಎಷ್ಟು. ಒಂದೊಂದು ಲೈನಿನಲ್ಲೂ, ವೈರನ್ನು ಸುತ್ತುವರಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಎಷ್ಟು ಆಂಪಿಯರ್. ಕ್ಲಾಂಪ್ ಒಳಗೆ ಒಂದೇ ವೈರು ಇರಬೇಕು, ಎರಡನ್ನೂ ಒಟ್ಟಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಆಮೇಲೆ ಕೊನೆಯ ದೀಪದ ಬುಡದಲ್ಲಿ ವೋಲ್ಟೇಜ್. 230 ವೋಲ್ಟಿನ ಕಡೆ ನೀವು ಕೈ ಹಾಕಬೇಡಿ. 12 ವೋಲ್ಟಿನ ಕಡೆ ಹೆದರಿಕೆ ಇಲ್ಲ, ಆದರೆ ಬೆಳ್ಳಿ ಬಳೆ ಉಂಗುರ ತೆಗೆದಿಡಿ. ಶಾರ್ಟಾದರೆ 25 ಆಂಪಿಯರಿಗೂ ಹೆಚ್ಚು ಹರಿದು ಲೋಹ ಸುಡುತ್ತದೆ.

ಬೆಸುಗೆಕಡ್ಡಿ
ಶನಿವಾರ, ರಾತ್ರಿ 10:05

ಒಂದು ಸ್ಪಷ್ಟನೆ ಬೇಕು. ನಿಮ್ಮದು ಕಬ್ಬಿಣದ ಕೋರ್ ಇರುವ ಭಾರದ ಟ್ರಾನ್ಸ್‌ಫಾರ್ಮರಾ, ಅಥವಾ ಅಂಗೈಯಗಲದ ಹಗುರ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಾ? ಎರಡನೆಯದಾದರೆ ಕಥೆಯೇ ಬೇರೆ. ಅದಕ್ಕೆ ಕನಿಷ್ಠ ಇಷ್ಟು ಲೋಡ್ ಇರಲೇಬೇಕೆಂಬ ಷರತ್ತು ಇರುತ್ತದೆ, ಹ್ಯಾಲೋಜನ್ ತೆಗೆದು ಎಲ್‌ಇಡಿ ಹಾಕಿದ ಕೂಡಲೇ ಮಿಣುಕಲು ಶುರುಮಾಡುತ್ತದೆ. ಅದರ ಔಟ್‌ಪುಟ್ ಹತ್ತಾರು ಕಿಲೋಹರ್ಟ್ಸ್‌ನಲ್ಲಿರುವುದರಿಂದ ಸಾಮಾನ್ಯ ಮೀಟರ್ ತೋರಿಸುವ ಅಂಕಿಯನ್ನು ನಂಬುವಂತಿಲ್ಲ. ಉದ್ದದ ವೈರಿಗೂ ಅದು ಹೇಳಿ ಮಾಡಿಸಿದ್ದಲ್ಲ.

ಯುಪಿಎಸ್ ಲೈನಿನಲ್ಲಿದೆಯೇ ಎಂಬುದನ್ನೂ ತಿಳಿಸಿ. ಹಳೆಯ ಸ್ಕ್ವೇರ್ ವೇವ್ ಯುಪಿಎಸ್ ಆದರೆ ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್ ಅದರ ಮೇಲೆ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ.

ಹುಬ್ಬಳ್ಳಿ ಹುಡುಗ
ಶನಿವಾರ, ರಾತ್ರಿ 10:31

ನಮ್ಮ ಮಾವನ ಮನ್ಯಾಗೂ ಹಿಂಗ ಆಗಿತ್ರಿ. ರಿಪೇರಿ ಮಾಡಾವ ಒಳಗಿನ ಥರ್ಮಲ್ ಫ್ಯೂಜ್ ತಗದು ನೇರ ಜೋಡಿಸಿದ. ಎರಡ ವರ್ಷ ಆತು, ಆರಾಮ ನಡದೈತಿ. ನೀವೂ ಹಂಗ ಮಾಡಸ್ರಿ, ಖರ್ಚ ಉಳೀತೈತಿ.

ದಾವಣಗೆರೆ ವೈಂಡಿಂಗ್
ಶನಿವಾರ, ರಾತ್ರಿ 10:58

ತಮ್ಮಾ, ದಯವಿಟ್ಟು ಈ ಮಾತನ್ನು ಯಾರಿಗೂ ಹೇಳಬೇಡ. ಮಾವನ ಮನೆಗೂ ಇವತ್ತೇ ಫೋನ್ ಮಾಡು.

ನಾನು ಇಪ್ಪತ್ತೆರಡು ವರ್ಷದಿಂದ ಸುರುಳಿ ಸುತ್ತುತ್ತಿದ್ದೇನೆ. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಕೋಡುಬಳೆ ಆಕಾರದ್ದರಲ್ಲಿ, 230ರ ಸುರುಳಿ ಒಳಗೆ, 12ರ ಸುರುಳಿ ಅದರ ಮೇಲೆ. ನಡುವೆ ಇರುವುದು ಕೆಲವೇ ಪದರ ಪಾಲಿಯೆಸ್ಟರ್ ಟೇಪು. ಥರ್ಮಲ್ ಸಾಮಾನ್ಯವಾಗಿ 110ರಿಂದ 130 ಡಿಗ್ರಿಯೊಳಗೆ ಬಿಡುತ್ತದೆ. ಅದನ್ನು ಕಿತ್ತರೆ ಶಾಖ ಏರುತ್ತಲೇ ಹೋಗಿ ಆ ಟೇಪು ಸುಟ್ಟು ಕರಕಲಾಗುತ್ತದೆ. ಆಗ 230 ವೋಲ್ಟ್ ಸೀದಾ ಅಂಗಳದ ವೈರಿಗೆ ಬರುತ್ತದೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಓಡಾಡುವ ಅಂಗಳ, ಮಕ್ಕಳು ಮುಟ್ಟುವ ದೀಪ. 12 ವೋಲ್ಟ್ ಹಾಕಿಸುವುದೇ ಮುಟ್ಟಿದರೂ ಅಪಾಯವಾಗದಿರಲಿ ಅಂತ. ಆ ಕಾವಲನ್ನೇ ತೆಗೆದರೆ ಉಳಿಯುವುದೇನು? ಒಳಗಿನ ಕೋಟಿಂಗ್ ಕರಗಿ ಹಪ್ಪಳದಂತೆ ಆದ ಸುರುಳಿಗಳನ್ನು ಬಿಚ್ಚಿದವನು ನಾನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಅಕ್ಕ, ಹಳೆಯ ಟ್ರಾನ್ಸ್‌ಫಾರ್ಮರ್ ಎಸೆದಿಲ್ಲ ತಾನೆ?

ಹುಬ್ಬಳ್ಳಿ ಹುಡುಗ
ಶನಿವಾರ, ರಾತ್ರಿ 11:15

ಗೊತ್ತಿದ್ದಿಲ್ರಿ ಅಣ್ಣಾರ. ಮಾವಗ ಈಗ ಹೇಳೇನಿ, ಮೇನ್ ಬಂದ್ ಮಾಡಿ ಇಟ್ಟಾರ. ಥ್ಯಾಂಕ್ಸ್ ರಿ.

ತುಂಗಾತೀರ
ಭಾನುವಾರ, ರಾತ್ರಿ 8:20

ಬೆಳಿಗ್ಗೆ ನಮ್ಮೂರಿನ ವೈರ್‌ಮನ್ ಬಂದಿದ್ದರು. ಟ್ರಾನ್ಸ್‌ಫಾರ್ಮರ್ ಭಾರದ್ದೇ, ಕೋಡುಬಳೆಯಂಥದ್ದು. ಯುಪಿಎಸ್‌ಗೆ ಸೇರಿಲ್ಲ. ಹಳೆಯದು ಅಟ್ಟದ ಮೇಲಿದೆ.

ಅಳತೆಗಳು ಹೀಗಿವೆ. ಮನೆಯ ಡಿಬಿಯಲ್ಲಿ (ಎಂಸಿಬಿಗಳಿರುವ ಮುಖ್ಯ ಬೋರ್ಡಿನಲ್ಲಿ) 226 ವೋಲ್ಟ್. ಟ್ರಾನ್ಸ್‌ಫಾರ್ಮರಿನ ಹೊರಗೆ, ಲೋಡ್ ಇಲ್ಲದಾಗ 12.7, ಎರಡೂ ಲೈನ್ ಕೊಟ್ಟಾಗ 12.1. ದಾರಿಯ ಲೈನಿನಲ್ಲಿ 6.8 ಆಂಪಿಯರ್, ಅಂಗಳದ್ದರಲ್ಲಿ 3.7. ಗೇಟಿನ ಕೊನೆಯ ದೀಪದ ಬುಡದಲ್ಲಿ 8.1 ವೋಲ್ಟ್ ಮಾತ್ರ.

ಶಾರ್ಟ್ ಎಲ್ಲೂ ಕಾಣಲಿಲ್ಲ ಅಂದರು. ಹಾಗಾದರೆ ಬಿಸಿ ಯಾಕೆ?

ಶಿವಮೊಗ್ಗ ವೈರ್‌ಮನ್
ಭಾನುವಾರ, ರಾತ್ರಿ 8:47

ಒಳ್ಳೆಯ ಅಳತೆ. ಇಲ್ಲಿ ಎರಡು ರೋಗ ಇವೆ, ಬೇರೆ ಬೇರೆ ನೋಡಬೇಕು.

ಮೊದಲು ಗೇಟಿನ ಮಂಕು. 2.5ರ ವೈರಿಗೆ ಮೀಟರಿಗೆ 0.008 ಓಮ್ ಹಿಡಿಯಿರಿ. ಹೋಗಿ ಬರುವ ದಾರಿ ಸೇರಿ 110 ಮೀಟರ್, ಅಂದರೆ 0.88 ಓಮ್. ಕರೆಂಟ್ ಪೂರ್ತಿ ಕೊನೆಯವರೆಗೂ ಹೋಗುವುದಿಲ್ಲ, ದೀಪದಿಂದ ದೀಪಕ್ಕೆ ಕಡಿಮೆಯಾಗುತ್ತದೆ. ಒಂದೇ ಅಂತರದಲ್ಲಿರುವ 9 ದೀಪಕ್ಕೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಚೂರು ಹೆಚ್ಚು ಬರುತ್ತದೆ: 3.3 ವೋಲ್ಟ್ ವೈರಿನಲ್ಲೇ ಹೋಯಿತು. 12.1ರಲ್ಲಿ ಅದನ್ನು ಕಳೆದರೆ 8.8 ಉಳಿಯಬೇಕಿತ್ತು. ನಿಮ್ಮಲ್ಲಿ 8.1. ಇನ್ನೂ 0.7 ವೋಲ್ಟ್ ತಿನ್ನುವ ಒಂದು ಜಾಯಿಂಟ್ ನೆಲದಲ್ಲಿ ಕೂತಿದೆ.

ಹುಡುಕುವುದು ಸುಲಭ. ದೀಪಗಳನ್ನು ಹಾಕಿಟ್ಟುಕೊಂಡು ಒಂದೊಂದು ದೀಪದ ಬುಡದಲ್ಲೂ ವೋಲ್ಟೇಜ್ ಬರೆದುಕೊಳ್ಳುತ್ತಾ ಹೋಗಿ. ಮೆಟ್ಟಿಲಿನಂತೆ ಇಳಿಯುತ್ತದೆ. ಎಲ್ಲಿ ಒಂದು ಮೆಟ್ಟಿಲು ಎತ್ತರ ಜಾಸ್ತಿಯೋ ಅಲ್ಲಿ ಅಗೆಯಿರಿ.

ಬೆಸುಗೆಕಡ್ಡಿ
ಭಾನುವಾರ, ರಾತ್ರಿ 9:02

ಎರಡನೆಯ ರೋಗಕ್ಕೆ ನನ್ನದೊಂದು ಕೋರಿಕೆ. ನಾಳೆ ಸಂಜೆ 12 ವೋಲ್ಟಿನ ಎರಡೂ ಲೈನ್ ಬಿಚ್ಚಿ, ತುದಿಗೆ ಟೇಪು ಸುತ್ತಿ, ಟ್ರಾನ್ಸ್‌ಫಾರ್ಮರನ್ನು ಖಾಲಿ ಬಿಟ್ಟು ಸ್ವಿಚ್ ಹಾಕಿ. ಒಂದು ದೀಪವೂ ಇರಬಾರದು. ಅರ್ಧ ಗಂಟೆ ಬಿಟ್ಟು ಸ್ವಿಚ್ ಆರಿಸಿ, ಆಮೇಲೆ ಅದರ ಮೈ ಮುಟ್ಟಿ ನೋಡಿ. ಒಳ್ಳೆಯ ಟೊರಾಯ್ಡ್ ಖಾಲಿ ಇದ್ದಾಗ ಉಗುರು ಬೆಚ್ಚಗೂ ಆಗುವುದಿಲ್ಲ.

ಮಂಗಳೂರು ಕಡಲು
ಭಾನುವಾರ, ರಾತ್ರಿ 9:30

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲೂ ದೀಪ ಆರಿ ಹತ್ತುತ್ತದೆ, ಆದರೆ ಒಂದೊಂದು ನಿಮಿಷಕ್ಕೆ. ಇದೂ ಥರ್ಮಲ್ಲಾ?

ಶಿವಮೊಗ್ಗ ವೈರ್‌ಮನ್
ಭಾನುವಾರ, ರಾತ್ರಿ 9:38

ಅಲ್ಲ ಸಾರ್. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಅಷ್ಟು ಬೇಗ ಕಾದು ತಣಿಯುವುದಿಲ್ಲ. ನಿಮ್ಮಲ್ಲಿ ಫೋಟೋಸೆಲ್ ಇರಬೇಕು, ಅದರ ಕಣ್ಣಿಗೆ ನಿಮ್ಮದೇ ದೀಪದ ಬೆಳಕು ಬೀಳುತ್ತಿದೆ. ಬೆಳಗಾಯಿತು ಅಂದುಕೊಂಡು ಆರಿಸುತ್ತದೆ, ಕತ್ತಲಾಯಿತು ಅಂತ ಮತ್ತೆ ಹಾಕುತ್ತದೆ. ಅದರ ಮುಖವನ್ನು ಆಕಾಶದ ಕಡೆ ತಿರುಗಿಸಿ.

ತುಂಗಾತೀರ
ಸೋಮವಾರ, ರಾತ್ರಿ 7:55

ಬೆಸುಗೆಕಡ್ಡಿ ಸಾರ್, ನನಗೆ ಆಶ್ಚರ್ಯವಾಗಿದೆ. ಎರಡೂ ಲೈನ್ ಬಿಚ್ಚಿಟ್ಟು ಸ್ವಿಚ್ ಹಾಕಿದೆ. ಒಂದು ದೀಪವೂ ಇಲ್ಲ. ಇಪ್ಪತ್ತೈದು ನಿಮಿಷಕ್ಕೆ ಆರಿಸಿ ಮುಟ್ಟಿದರೆ ಕೈ ಇಡಲಾಗಲಿಲ್ಲ. ಅಷ್ಟು ಹೊತ್ತೂ ದುಂಬಿ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಈ ಸದ್ದು ಮೊದಲಿಂದಲೂ ಇದೆ, ಟ್ರಾನ್ಸ್‌ಫಾರ್ಮರ್ ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆವು.

ಬೆಸುಗೆಕಡ್ಡಿ
ಸೋಮವಾರ, ರಾತ್ರಿ 8:10

ಹಾಗಾದರೆ ಶಾಖಕ್ಕೂ ದೀಪಗಳಿಗೂ ಸಂಬಂಧವೇ ಇಲ್ಲ. 500 ಹಾಕಿದ್ದರೂ ಹೀಗೇ ಕಾಯುತ್ತಿತ್ತು. ತೊಂದರೆ 230ರ ಕಡೆಯಿಂದ ಬರುತ್ತಿದೆ. ಎರಡು ಟ್ರಾನ್ಸ್‌ಫಾರ್ಮರಿಗೂ ಒಂದೇ ಗತಿ ಬಂದಿರುವುದೂ ಅದನ್ನೇ ಹೇಳುತ್ತದೆ. ನಿಮ್ಮ 226 ಡಿಬಿಯಲ್ಲಿ ಅಳೆದದ್ದು. ಡಿಬಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ಏನೇನಿದೆ? ಸ್ವಿಚ್, ಟೈಮರ್, ಇನ್ನೇನಾದರೂ? ನೆನಪು ಮಾಡಿಕೊಂಡು ಎಲ್ಲವನ್ನೂ ಬರೆಯಿರಿ.

ತುಂಗಾತೀರ
ಸೋಮವಾರ, ರಾತ್ರಿ 8:24

ಜಗಲಿಯ ಬೋರ್ಡಿನಲ್ಲಿ ಸ್ವಿಚ್ ಇದೆ, ಅದರ ಪಕ್ಕ ತಿರುಗಿಸುವ ಡಿಮ್ಮರ್ ಇದೆ. ಹ್ಯಾಲೋಜನ್ ಕಾಲದಲ್ಲಿ ಬೆಳಕು ತಗ್ಗಿಸಲು ಹಾಕಿಸಿದ್ದು. ಈಗ ಬಳಸುವುದಿಲ್ಲ, ಯಾವಾಗಲೂ ಪೂರ್ತಿ ತಿರುಗಿಸಿಯೇ ಇರುತ್ತದೆ. ಅದಕ್ಕೇ ಹೇಳಬೇಕು ಅಂತ ಹೊಳೆಯಲಿಲ್ಲ.

ಬೆಸುಗೆಕಡ್ಡಿ
ಸೋಮವಾರ, ರಾತ್ರಿ 8:51

ಸಿಕ್ಕಿತು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹ್ಯಾಲೋಜನ್ ತೆಗೆದು ಎಲ್‌ಇಡಿ ಹಾಕಿಸಿದ ಬೇರೆ ಮನೆಗಳಲ್ಲೂ ಇದು ಇರಬಹುದು.

ನಮಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ತೂಗುತ್ತದೆ. ಬಲಕ್ಕೆ ಎಷ್ಟೋ ಎಡಕ್ಕೂ ಅಷ್ಟೇ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಆ ಸಮತೋಲವನ್ನೇ ನಂಬಿಕೊಂಡಿರುತ್ತದೆ. ಡಿಮ್ಮರ್ ಒಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿ ತೂಗಾಟದಲ್ಲೂ ಸ್ವಲ್ಪ ಹೊತ್ತು ಬಾಗಿಲು ಹಾಕಿ ಆಮೇಲೆ ತೆರೆಯುತ್ತದೆ. ಪೂರ್ತಿ ತಿರುಗಿಸಿದರೂ ಚೂರು ಹಾಕಿಯೇ ಇರುತ್ತದೆ. ಹ್ಯಾಲೋಜನ್ ಇದ್ದಾಗ 280 ವ್ಯಾಟಿನ ಲೋಡು, ಟ್ರಯಾಕ್ ಗಟ್ಟಿಯಾಗಿ ಹಿಡಿದುಕೊಂಡು ಎರಡೂ ಕಡೆ ಸಮವಾಗಿ ತೆರೆಯುತ್ತಿತ್ತು. ಎಲ್‌ಇಡಿ ಬಂದ ಮೇಲೆ ಲೋಡು ಮೂರನೇ ಒಂದು ಪಾಲಿಗೆ ಇಳಿಯಿತು, ಎಳೆಯುವ ರೀತಿಯೂ ಬದಲಾಯಿತು. ಈಗ ಬಲಕ್ಕೆ ಸರಿಯಾಗಿ ತೆರೆದರೆ ಎಡಕ್ಕೆ ಚೂರು ತಡವಾಗಿ ತೆರೆಯುತ್ತಿದೆ. ಆ ವ್ಯತ್ಯಾಸ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್ ಆಗಿ ಸುರುಳಿಯಲ್ಲಿ ಕೂರುತ್ತದೆ.

ಡಿಸಿ ನಾಲ್ಕೈದು ವೋಲ್ಟ್ ಇದ್ದರೂ ಸಾಕು. 300 ವಿಎ ಟೊರಾಯ್ಡಿನ 230ರ ಸುರುಳಿಗೆ ಕೆಲವೇ ಓಮ್ ಪ್ರತಿರೋಧ. ಡಿಸಿಗೆ ಅಷ್ಟೇ ಅಡ್ಡಿ, ಬೇರೇನೂ ಇಲ್ಲ, ಹಾಗಾಗಿ ಒಂದು ಆಂಪಿಯರ್ ಆರಾಮಾಗಿ ಹರಿಯುತ್ತದೆ. ಕೋರ್ ಒಂದು ಕಡೆಗೆ ಕಾಂತೀಯವಾಗಿ ತುಂಬಿಹೋಗುತ್ತದೆ, ನಾವು ಸ್ಯಾಚುರೇಶನ್ ಅನ್ನುತ್ತೇವೆ. ಆಮೇಲೆ ಪ್ರತಿ ಸುತ್ತಿನಲ್ಲೂ ದೊಡ್ಡ ಕರೆಂಟಿನ ಏಟು. ಗುಂಯ್ ಸದ್ದು ಅದರದ್ದೇ, ಶಾಖವೂ ಅದರದ್ದೇ. ಟೊರಾಯ್ಡಿನಲ್ಲಿ ಗಾಳಿಸಂದು ಇಲ್ಲದ್ದರಿಂದ ಇ–ಐ ಆಕಾರದ ಪಟ್ಟಿ ಜೋಡಿಸಿದ ಕೋರಿಗಿಂತ ಇದು ಡಿಸಿಗೆ ಬೇಗ ಸೋಲುತ್ತದೆ.

ನಾಳೆ ವೈರ್‌ಮನ್ ಬಂದಾಗ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (230ರ ಕಡೆಯ) ಟರ್ಮಿನಲ್‌ನಲ್ಲೇ ಅಳೆಯಲಿ. ಮೀಟರನ್ನು ಡಿಸಿಯ ಅತಿ ದೊಡ್ಡ ರೇಂಜಿನಲ್ಲಿಟ್ಟು ಒಮ್ಮೆ, ಕ್ಲಾಂಪ್ ಹಾಕಿ ಒಮ್ಮೆ. ಆಮೇಲೆ ಮೇನ್ ಆರಿಸಿ ಡಿಮ್ಮರ್ ಪೂರ್ತಿ ತೆಗೆದು ನೇರ ಸ್ವಿಚ್‌ನಿಂದ ಕೊಟ್ಟು ಮತ್ತೆ ಅಳೆಯಲಿ.

ದಾವಣಗೆರೆ ವೈಂಡಿಂಗ್
ಸೋಮವಾರ, ರಾತ್ರಿ 9:20

ಬೆಸುಗೆಕಡ್ಡಿಯವರು ಹೇಳಿದ್ದು ನೂರಕ್ಕೆ ನೂರು. 300 ವಿಎ ಟೊರಾಯ್ಡ್ ಪೂರ್ತಿ ಲೋಡಿನಲ್ಲಿ ಕಳೆಯುವುದು ಹೆಚ್ಚುಕಮ್ಮಿ 30 ವ್ಯಾಟ್ ಶಾಖ. ಡಿಸಿ ಹೊಕ್ಕರೆ ದೀಪವಿಲ್ಲದೆಯೇ ಅಷ್ಟು ಶಾಖ ಬಂದುಬಿಡುತ್ತದೆ. ನಿಮ್ಮದು ಮುಚ್ಚಿದ ಡಬ್ಬಿಯೊಳಗಿದ್ದರೆ ಕೇಳಲೇಬೇಡಿ. ಡಬ್ಬಿಯ ತಳದಲ್ಲಿ ಗಾಳಿಗೆ, ನೀರು ಬಸಿಯಲು ತೂತು ಇರಲಿ, ಇರುವೆ ಹೊಗದಂತೆ ಸಣ್ಣ ಜಾಲರಿ ಹಾಕಿ.

ಹಳೆಯದರ ಪ್ರೈಮರಿಯ ಎರಡು ವೈರಿಗೆ ಓಮ್ ಮೀಟರ್ ಹಿಡಿಸಿ ನೋಡಿ. ಏನೂ ತೋರಿಸದಿದ್ದರೆ ಒಳಗಿನ ಥರ್ಮಲ್ ಹೋಗಿರಬಹುದು. ಕೆಲವದರಲ್ಲಿ ಒಮ್ಮೆ ಹೋದರೆ ಮತ್ತೆ ಕೂಡದ ಬಗೆಯದ್ದು ಇರುತ್ತದೆ. ಸುರುಳಿ ಸುಟ್ಟಿಲ್ಲದಿದ್ದರೆ ಅದೇ ರೇಟಿಂಗಿನ ಹೊಸ ಥರ್ಮಲ್ ಹಾಕಿ ಕೊಡಬಹುದು.

ಡಲ್ಲಾಸ್ ನಿವಾಸಿ
ಮಂಗಳವಾರ, ಬೆಳಿಗ್ಗೆ 7:05

ಅಮೆರಿಕದಲ್ಲಿ ಮನೆ ಮನೆಗೂ ಇಂಥ ಲೈಟು ಇರುವುದರಿಂದ ಗೇಟಿನ ಮಂಕಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಇಲ್ಲಿ 120 ವೋಲ್ಟಿನಿಂದ ಇಳಿಸುತ್ತಾರೆ. ಟ್ರಾನ್ಸ್‌ಫಾರ್ಮರಿನಲ್ಲಿ 12, 13, 14, 15 ಎಂದು ಬೇರೆ ಬೇರೆ ವೋಲ್ಟೇಜ್ ಕೊಡುವ ಟ್ಯಾಪ್ (ವೈರು ಜೋಡಿಸುವ ತುದಿ) ಇರುವಂಥವು ಸಿಗುತ್ತವೆ. ದೂರದ ಲೈನನ್ನು 14ಕ್ಕೆ, ಹತ್ತಿರದ್ದನ್ನು 12ಕ್ಕೆ ಕೊಡುತ್ತೇವೆ. ಯುಎಲ್ 1838 ಎಂಬ ಮಾನದಂಡದ ಪ್ರಕಾರ 15 ವೋಲ್ಟ್ ಮೀರುವಂತಿಲ್ಲ. ಒಂದು ಸರ್ಕ್ಯೂಟಿಗೆ 25 ಆಂಪಿಯರ್, ಅಂದರೆ 12 ವೋಲ್ಟಿನಲ್ಲಿ 300 ವ್ಯಾಟ್. ಟ್ಯಾಪ್ ಏರಿಸಿದಾಗ ಮೊದಲ ದೀಪದಲ್ಲೂ ಅಳೆಯಬೇಕು. ಕೊನೆಯದನ್ನು ಬೆಳಗಿಸಲು ಹೋಗಿ ಮೊದಲನೆಯದನ್ನು ಸುಟ್ಟುಕೊಂಡ ನೆರೆಯವರಿದ್ದಾರೆ.

ಇನ್ನೊಂದು ವಿಧಾನ ನನಗೆ ಇಷ್ಟ. ಎಲ್ಲ ದೀಪವನ್ನೂ ಒಂದರ ಹಿಂದೊಂದು ಕಟ್ಟದೆ, ದಪ್ಪ ಕೇಬಲ್ ಒಂದನ್ನು ನಡುವಿಗೆ ತಂದು ಅಲ್ಲಿಂದ ಕವಲೊಡೆಸುವುದು.

ಶಿವಮೊಗ್ಗ ವೈರ್‌ಮನ್
ಮಂಗಳವಾರ, ಬೆಳಿಗ್ಗೆ 8:30

ಡಲ್ಲಾಸ್ ಸಾರ್, ಟ್ಯಾಪ್ ಇರುವುದು ನಮ್ಮ ಕಡೆ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ನಮ್ಮ ಹಳ್ಳಿಗಳಲ್ಲಿ ಸಂಜೆ 180ಕ್ಕೆ ಇಳಿದ ವೋಲ್ಟೇಜ್ ನಡುರಾತ್ರಿ 260ಕ್ಕೂ ಏರುತ್ತದೆ. 230ಕ್ಕೆ 12 ಕೊಡುವ ಟ್ರಾನ್ಸ್‌ಫಾರ್ಮರ್ 180ರಲ್ಲಿ 9.4 ಕೊಡುತ್ತದೆ, 260ರಲ್ಲಿ 13.6. 14ರ ಟ್ಯಾಪಿನಲ್ಲಿಟ್ಟರೆ ನಡುರಾತ್ರಿ ಹದಿನಾರರ ಹತ್ತಿರ ಹೋಗಿಬಿಡುತ್ತದೆ. ಆದರೆ ಕವಲಿನ ಮಾತು ಒಪ್ಪುತ್ತೇನೆ. ಅಕ್ಕನ ಜಾಯಿಂಟ್ ಎಲ್ಲಿದೆ ಅಂತ ಗೊತ್ತಾಗಲಿ.

ತುಂಗಾತೀರ
ಮಂಗಳವಾರ, ರಾತ್ರಿ 9:40

ಇವತ್ತು ಹೇಳಲು ಬಹಳ ಇದೆ.

ಡಿಮ್ಮರ್ ಇದ್ದಾಗ ಪ್ರೈಮರಿಯಲ್ಲಿ 4.2 ವೋಲ್ಟ್ ಡಿಸಿ ತೋರಿಸಿತು. ದೀಪ ಒಂದೂ ಇಲ್ಲದೆ ಕ್ಲಾಂಪ್ ಮೀಟರಿನಲ್ಲಿ 2.6 ಆಂಪಿಯರ್. ನಮ್ಮ ವೈರ್‌ಮನ್ ಎರಡು ಸಲ ಮೀಟರ್ ಬದಲಿಸಿ ನೋಡಿದರು, ಅಷ್ಟೇ. ಮೇನ್ ಆರಿಸಿ ಡಿಮ್ಮರ್ ತೆಗೆದು ನೇರ ಕೊಟ್ಟರು. ಸದ್ದು ನಿಂತುಹೋಯಿತು. ಆ ಡಬ್ಬಿಯ ಪಕ್ಕ ಇಷ್ಟು ಮೌನ ನಾನು ಕೇಳಿಯೇ ಇರಲಿಲ್ಲ. ಡಿಸಿ ಸೊನ್ನೆಯ ಹತ್ತಿರ, ಕ್ಲಾಂಪ್ ಮೀಟರೂ ಸೊನ್ನೆಯ ಹತ್ತಿರ. ಆದರೆ ಸ್ವಿಚ್ ಹಾಕುವಾಗ ಎರಡು ಸಲ ಎಂಸಿಬಿ ಬಿತ್ತು, ಅದೊಂದು ಭಯ.

ಸಂಜೆ ಮೆಟ್ಟಿಲಿನ ಲೆಕ್ಕ ಮಾಡಿದೆವು. ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ನಾಲ್ಕನೆಯ ಮತ್ತು ಐದನೆಯ ದೀಪದ ನಡುವೆ ಒಮ್ಮೆಲೇ ಒಂದು ವೋಲ್ಟಿನ ಮೇಲೆ ಇಳಿಯಿತು. ಅಗೆದರೆ ದಾಸವಾಳದ ಬುಡದಲ್ಲಿ ಜಾಯಿಂಟ್, ಬರೀ ಕಪ್ಪು ಟೇಪು ಸುತ್ತಿದ್ದು. ಬಿಚ್ಚಿದಾಗ ತಾಮ್ರ ಪೂರ್ತಿ ಹಸಿರು ಕಿಲುಬು, ಮುಟ್ಟಿದರೆ ಎಳೆಗಳು ಪುಡಿಯಾದವು. ಟೇಪಿನ ಒಳಗೆ ಇರುವೆ ಗೂಡು.

ಶಿವಮೊಗ್ಗ ವೈರ್‌ಮನ್
ಮಂಗಳವಾರ, ರಾತ್ರಿ 10:04

ಎಂಸಿಬಿ ಬಿದ್ದದ್ದಕ್ಕೆ ಹೆದರಬೇಡಿ. ಟೊರಾಯ್ಡ್ ಸ್ವಿಚ್ ಹಾಕಿದ ಕ್ಷಣ ಹತ್ತಾರು ಪಟ್ಟು ಕರೆಂಟ್ ಎಳೆದು ಮರುಕ್ಷಣ ಸುಮ್ಮನಾಗುತ್ತದೆ. ನಿಮ್ಮದು ಬಿ ಕರ್ವ್ ಎಂಸಿಬಿ ಇರಬೇಕು, ಅದು ಇಂಥ ಕ್ಷಣದ ಏಟಿಗೂ ಬೀಳುತ್ತದೆ. ಅದೇ ಆಂಪಿಯರಿನ, ಅಂಥ ಏಟು ತಡೆಯುವ ಸಿ ಕರ್ವ್ ಹಾಕಿಸಿ. ಆಂಪಿಯರ್ ಏರಿಸಬೇಡಿ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಜೊತೆಯಲ್ಲೇ ಅದನ್ನೂ ಹಾಕಿಸಿ.

ಆ ಜಾಯಿಂಟ್ ಕೂಡಿಸಲು ಹೋಗಬೇಡಿ, ಅದೇ ನಿಮಗೆ ಅನುಕೂಲ. ಅಲ್ಲೇ ಲೈನ್ ಎರಡು ಮಾಡಿ. ಮೊದಲ ನಾಲ್ಕು ದೀಪ ಹಳೆಯ ವೈರಿನಲ್ಲೇ ಇರಲಿ. ಟ್ರಾನ್ಸ್‌ಫಾರ್ಮರಿನಿಂದ ದಾಸವಾಳದವರೆಗೆ 28 ಮೀಟರ್ 4 ಸ್ಕ್ವೇರ್ ಎಂ.ಎಂ. ಕೇಬಲ್ ಹೊಸದಾಗಿ ಎಳೆದು, ಉಳಿದ ಐದಕ್ಕೆ ಅಲ್ಲಿಂದ ಕೊಡಿ. ಹೊಸ ಕೇಬಲಿನಲ್ಲಿ ಒಂದು ವೋಲ್ಟ್, ಮುಂದಿನ ಹಳೆಯ ವೈರಿನಲ್ಲಿ ಇನ್ನೊಂದು ವೋಲ್ಟ್ ಹೋಗುತ್ತದೆ. ಗೇಟಿನಲ್ಲಿ 10 ಸಿಗಬೇಕು.

ತುಕ್ಕು ಕಿಲುಬು ಹಿಡಿದ ತಾಮ್ರವನ್ನು ಹೊಳೆಯುವ ಎಳೆ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಲೋಹದ ಕೊಳವೆಯಲ್ಲಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಜೆಲ್ ತುಂಬಿದ ಕನೆಕ್ಟರ್ ಸಿಕ್ಕರೂ ಒಳ್ಳೆಯದೇ. ಮಲೆನಾಡಿನ ಮಳೆಗೆ ಕಪ್ಪು ಟೇಪು ಒಂದು ವರ್ಷ ತಡೆದರೆ ಹೆಚ್ಚು.

ತುಂಗಾತೀರ
ಭಾನುವಾರ, ರಾತ್ರಿ 9:15

ಸಿ ಕರ್ವ್ ಹಾಕಿಸಿದೆವು, ಮತ್ತೆ ಬಿದ್ದಿಲ್ಲ. ಆರ್‌ಸಿಸಿಬಿ ಮೊದಲೇ ಇತ್ತು, ಒತ್ತಿ ಪರೀಕ್ಷಿಸಿದೆ. ಹೊಸ ಕೇಬಲ್ ನಿನ್ನೆ ಹೂತರು. ಗೇಟಿನ ಕೊನೆಯ ದೀಪದಲ್ಲಿ 10.2 ವೋಲ್ಟ್ ಬಂತು. ಮಂಗಳವಾರ ಡಿಮ್ಮರ್ ತೆಗೆದ ಮೇಲೆ ಒಂದು ರಾತ್ರಿಯೂ ದೀಪ ತಾನಾಗಿ ಆರಿಲ್ಲ. ಈಗಷ್ಟೇ ಹೋಗಿ ಮುಟ್ಟಿ ಬಂದೆ, ಹೊತ್ತಿ ಎರಡೂವರೆ ಗಂಟೆಯಾದರೂ ಡಬ್ಬಿ ಬರೀ ಬೆಚ್ಚಗಿದೆ.

ಹಳೆಯದರ ಪ್ರೈಮರಿ ಏನೂ ತೋರಿಸಲಿಲ್ಲ. ದಾವಣಗೆರೆ ಅಣ್ಣ, ಬಸ್ಸಿನಲ್ಲಿ ಕಳಿಸಲೇ?

ದಾವಣಗೆರೆ ವೈಂಡಿಂಗ್
ಭಾನುವಾರ, ರಾತ್ರಿ 9:33

ಕಳಿಸಿ ಅಕ್ಕ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ. ನಡುವಿನ ರಬ್ಬರ್ ವಾಷರ್ ಮತ್ತು ಬೋಲ್ಟನ್ನೂ ಜೊತೆಗಿಡಿ. ಬೋಲ್ಟಿನ ಎರಡೂ ತುದಿ ಲೋಹದ ಡಬ್ಬಿಗೆ ತಾಗಿದರೆ ಅದೇ ಒಂದು ಶಾರ್ಟಾದ ಸುತ್ತಾಗಿ ಮತ್ತೆ ಕಾಯುತ್ತದೆ, ಕೂರಿಸುವಾಗ ನಿಮ್ಮ ವೈರ್‌ಮನ್‌ಗೆ ಹೇಳಿ.

ದಾವಣಗೆರೆ ವೈಂಡಿಂಗ್
ಶುಕ್ರವಾರ, ಸಂಜೆ 6:20

ಬಂತು, ಬಿಚ್ಚಿ ನೋಡಿದೆ. ಥರ್ಮಲ್ ಹೊರ ಟೇಪಿನ ಕೆಳಗೇ ಇತ್ತು, ಅದು ಮಾತ್ರ ಹೋಗಿದೆ. ಸುರುಳಿಯ ಎನಾಮಲ್ ಬಣ್ಣ ಕೆಟ್ಟಿಲ್ಲ. ಪ್ರೈಮರಿ 3.6 ಓಮ್, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿದೆ, ಎರಡು ಸುರುಳಿಗಳ ನಡುವೆ ಇನ್ಸುಲೇಶನ್ ಚೆನ್ನಾಗಿದೆ. ಅದೇ ಡಿಗ್ರಿಯ ಹೊಸ ಥರ್ಮಲ್ ಹಾಕಿ ಟೇಪು ಸುತ್ತಿದ್ದೇನೆ. ಇವತ್ತು ರಾತ್ರಿಯಿಡೀ 150 ವ್ಯಾಟ್ ಲೋಡಿನಲ್ಲಿಟ್ಟು ನೋಡಿ, ಸರಿಯಿದ್ದರೆ ನಾಳೆ ಬೆಳಗಿನ ಬಸ್ಸಿಗೆ ಹಾಕುತ್ತೇನೆ.